ಸುಳಿ ಕೊಯ್ದ ಗಿಡ

ಅವರು ನೆಲದ ಮೇಲೆ ಬಿದ್ದಿದ್ದ ಯಾವುದನ್ನೂ ದಾಟುತ್ತಿರಲಿಲ್ಲ. ವಾರ್ಡಿನಲ್ಲಿ ನೆಲ ಒರೆಸುವ ಕೋಲು ಅಡ್ಡ ಬಿದ್ದಿದ್ದರೆ ಸುತ್ತಿಕೊಂಡು ಬರುತ್ತಿದ್ದರು; ಸುತ್ತಲು ಜಾಗ ಇಲ್ಲದಿದ್ದರೆ ಬಗ್ಗಿ ಎತ್ತಿ ಗೋಡೆಗೆ ಒರಗಿಸಿ ಆಮೇಲೆ ಮುಂದೆ ಹೋಗುತ್ತಿದ್ದರು. ಹೆರಿಗೆ ಕೋಣೆಯಿಂದ ತುರ್ತು ಕರೆ ಬಂದಾಗಲೂ ಹಾಗೆಯೇ. ಕಿರಿಯ ನರ್ಸುಗಳು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕಾರಣ ತಿಳಿದದ್ದು ಒಂದು ವರ್ಷದ ಮೇಲೆ. ಅವರ ಊರಿನಲ್ಲಿ ಹೆಂಗಸರು ನೆಲದ ಮೇಲೆ ಎಲೆ ಹರಡಿಕೊಂಡು ಚಾಪೆ ನೇಯುತ್ತಾರೆ. ಆ ಎಲೆಗಳನ್ನು ಯಾರೂ ದಾಟಬಾರದು. ದಾಟಿದ ಮಕ್ಕಳ ಮೊಣಕಾಲಿನ ಹಿಂಬದಿಗೆ ಅಜ್ಜಿ ಅದೇ ಎಲೆಯಿಂದ ಒಂದು ಬಾರಿಸುತ್ತಿದ್ದರಂತೆ. ಐವತ್ತೈದು ವರ್ಷವಾದರೂ ಕಾಲು ಅದನ್ನು ಮರೆತಿಲ್ಲ ಎಂದಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಮಗಳು ನನ್ನ ನಂಬರನ್ನು ಎಲ್ಲಿಂದಲೋ ಹುಡುಕಿ ಬರೆದು ತಿಳಿಸಿದಳು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳದೆ ಏನನ್ನೂ ಕೊಯ್ಯಬಾರದು ಎಂಬುದು ಅವರು ಹೇಳಿದ ಮೊದಲ ಪಾಠ. ಹೆಸರು ಬರೆಯಲೇ ಎಂದು ನಾನು ಅವರನ್ನು ಕೇಳಿರಲಿಲ್ಲ. ಉಳಿದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಹೇಳುತ್ತೇನೆ.

ಆಗ ನಾನು ಕುವೈತಿನ ಹವಲ್ಲಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ಗಂಡ ಕಾರಿನ ಬಿಡಿಭಾಗ ಮಾರುವ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ನಾವಿಬ್ಬರೂ ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ, ವಾಸ ಖೈತಾನಿನ ಎರಡು ಕೋಣೆಯ ಫ್ಲಾಟಿನಲ್ಲಿ. ಅವರು ನಮ್ಮ ಆಸ್ಪತ್ರೆಯ ಅತ್ಯಂತ ಹಿರಿಯ ಮಿಡ್‌ವೈಫ್. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಹೆಂಗಸು. ಅಗಲ ಭುಜ, ಗಿಡ್ಡ ಕತ್ತರಿಸಿದ ನರೆಗೂದಲು, ತಗ್ಗಿದ ದನಿ. ಅವರ ಗಂಡ ಎಣ್ಣೆ ಕಂಪೆನಿಯೊಂದರಲ್ಲಿ ಪೈಪುಗಳನ್ನು ಪರೀಕ್ಷಿಸುವ ಕೆಲಸದವರು. ಹಾಗಾಗಿ ಅಹ್ಮದಿಯಲ್ಲಿ ಕಂಪೆನಿಯ ಮನೆ, ಮನೆಯ ಹಿಂದೆ ಒಂದು ಹಿತ್ತಲು.

ನನ್ನ ಮೊದಲ ಗರ್ಭ ನಾಲ್ಕನೆಯ ತಿಂಗಳಲ್ಲಿ ಹೋಯಿತು. ಎರಡನೆಯದು ಐದರಲ್ಲಿ. ಎರಡು ಸಲವೂ ಪಕ್ಕದಲ್ಲಿ ಕುಳಿತದ್ದು ಅವರು. ಎರಡನೆಯ ಸಲ ಅಮ್ಮ ಊರಿಂದ ಫೋನ್ ಮಾಡಿ ಬಾಯ್, ಬಾಯ್ ಎಂದು ಅತ್ತದ್ದು ಕೋಣೆಗೆಲ್ಲ ಕೇಳಿಸಿತ್ತು. ಹಾಗೆಂದರೇನು ಎಂದು ಕೇಳಿದರು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ ಎಂದೆ. ಅಂದಿನಿಂದ ನಾನು ಅವರಿಗೂ ಬಾಯ್ ಆದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಈ ಒಂದು ಪದ ಮಾತ್ರ ಅದರ ನಡುವೆ. ನಾನು ಅವರನ್ನು ಕೊನೆಯವರೆಗೂ ಸಿಸ್ಟರ್ ಎಂದೇ ಕರೆದೆ.

ಅವರ ಹಿತ್ತಲಿನಲ್ಲಿ ಒಂದು ಗಿಡ ಇತ್ತು. ಅದನ್ನು ಇಂಗ್ಲಿಷಿನವರು ಫ್ಲ್ಯಾಕ್ಸ್ ಎನ್ನುತ್ತಾರೆ, ಆದರೆ ನಮ್ಮ ಅಗಸೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅವರ ಭಾಷೆಯಲ್ಲಿ ಹರಕೆಕೆ. ಕತ್ತಿಯಂಥ ಉದ್ದ ಎಲೆಗಳು ಬೀಸಣಿಗೆ ಬಿಡಿಸಿದ ಹಾಗೆ ನೆಲದಿಂದಲೇ ಏಳುತ್ತವೆ. ನೋಡಿದ ಕೂಡಲೇ ನನಗೆ ನಮ್ಮ ಕಡೆಯ ಕೇದಗೆ ಜಾತಿಯ ಮುಂಡೇವು ನೆನಪಾಯಿತು, ಮುಳ್ಳು ಮಾತ್ರ ಇಲ್ಲ. ತಾಯಿಯ ಮನೆಯ ಗಿಡದಿಂದ ಒಂದು ಬೇರಿನ ತುಂಡನ್ನು ಒದ್ದೆ ಕಾಗದದಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು ತಂದಿದ್ದರು. ಕುವೈತಿನ ತೋಟಗಳಿಗೆ ಬರುವ ನೀರು ಉಪ್ಪು. ಅದನ್ನು ಹಾಕಿದರೆ ಎಲೆಯ ತುದಿ ಸುಡುತ್ತದೆ. ಅದಕ್ಕೆ ಮನೆಯ ನೆರಳಿನಲ್ಲಿ, ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿನ ಕೆಳಗೆ ನೆಟ್ಟಿದ್ದರು. ಬೇಸಗೆಯಲ್ಲಿ ಅದರ ಮೇಲೆ ಒದ್ದೆ ಗೋಣಿ ಕಟ್ಟುತ್ತಿದ್ದರು. ನಾಲ್ಕು ವರ್ಷಕ್ಕೆ ಒಂದು ಬೀಸಣಿಗೆ ಮೂರಾಗಿತ್ತು.

ಶುಕ್ರವಾರ ರಜೆ. ನಾವು ಆಗಾಗ ಅಹ್ಮದಿಗೆ ಹೋಗುತ್ತಿದ್ದೆವು. ಅವರು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಎಲೆಯ ಕೆಲಸ ಮಾಡುತ್ತಿದ್ದರು. ಕಡಲ ಮಳಿಚಿಪ್ಪಿನಂಥ ಒಂದು ಹಸಿರು ಚಿಪ್ಪಿನ ಅಂಚಿನಿಂದ ಎಲೆಯ ಮೈಯನ್ನು ಒತ್ತಿ ಎಳೆದರೆ ಹಸಿರೆಲ್ಲ ಒಂದು ಕಡೆ ಹೋಗಿ ಬಿಳಿ ನಾರು ಉಳಿಯುತ್ತಿತ್ತು. ಆ ನಾರನ್ನು ಮೊಣಕಾಲಿನ ಕೆಳಗೆ ಬರಿಗಾಲಿನ ಮೇಲೆ ಇಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಉರುಳಿಸಿದರೆ ದಾರ. ಅವರ ಹಿಂದಿನವರು ಇದರಿಂದಲೇ ಮೀನಿನ ಬಲೆ, ದೋಣಿಯ ಹಗ್ಗ, ಮಳೆಗೆ ಹೊದೆಯುವ ಹೊದಿಕೆ, ಕಲ್ಲಿನ ಮೇಲೆ ನಡೆಯಲು ಚಪ್ಪಲಿ ಎಲ್ಲ ಮಾಡಿಕೊಳ್ಳುತ್ತಿದ್ದರು. ಬೇರಿನ ರಸ ಭೇದಿ ಮಾಡಿಸಿ ಹೊಟ್ಟೆ ತೊಳೆಯಲು. ಎಲೆಯ ಬುಡದಲ್ಲಿರುವ ಅಂಟು ಸುಟ್ಟ ಗಾಯಕ್ಕೆ. ಒಮ್ಮೆ ನಮ್ಮ ಹಳೆಯ ಕೊರೊಲಾದ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಿ ನನ್ನ ಗಂಡ ಕೈ ಸುಟ್ಟುಕೊಂಡಾಗ ಆ ಅಂಟನ್ನು ಬೆರಳಿನಿಂದ ತೆಗೆದು ಹಚ್ಚಿದರು. ಬೊಬ್ಬೆ ಏಳಲಿಲ್ಲ. ಅವನು ಅಂದಿನಿಂದ ಆ ಗಿಡವನ್ನು ಡಾಕ್ಟರ್ ಸಾಹೇಬ ಎಂದು ಕರೆಯುತ್ತಿದ್ದ.

ಅವರ ಚೀಲದಲ್ಲಿ ಸದಾ ಒಂದು ಚಿಕ್ಕ ಡಬ್ಬಿ ಇರುತ್ತಿತ್ತು. ಅದರಲ್ಲಿ ಕುದಿಸಿ ಒಣಗಿಸಿದ ಆ ನಾರಿನ ದಾರಗಳು, ಒಂದೊಂದು ಗೇಣು. ಹುಟ್ಟಿದ ಮಗುವಿನ ಹೊಕ್ಕುಳ ಬಳ್ಳಿಯನ್ನು ಅವರ ಕಡೆ ಇದರಿಂದ ಕಟ್ಟುತ್ತಾರೆ. ಆಸ್ಪತ್ರೆಯಲ್ಲಿ ಅದಕ್ಕೆ ಪ್ಲಾಸ್ಟಿಕ್ ಕ್ಲಿಪ್ ಇದೆ, ದಾರಕ್ಕೆ ಅನುಮತಿ ಇಲ್ಲ, ಅವರು ಬಳಸಿದ್ದೂ ಇಲ್ಲ. ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದಕ್ಕೆ ಇರಲಿ ಎಂದರು.

ಇಷ್ಟೆಲ್ಲ ತೋರಿಸಿದವರು ಒಂದನ್ನು ತೋರಿಸಿರಲಿಲ್ಲ. ಗಿಡದಿಂದ ಎಲೆ ಕೊಯ್ಯುವುದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ನಾವು ತಲುಪುವ ಹೊತ್ತಿಗೆ ಎಲೆಗಳು ಮೆಟ್ಟಿಲ ಮೇಲೆ ಸಿದ್ಧವಾಗಿರುತ್ತಿದ್ದವು. ಕೊಯ್ಯುವ ಮೊದಲು ನಾಲ್ಕು ಮಾತು ಹೇಳಿಕೊಳ್ಳಬೇಕು, ಮಳೆ ಬರುವಾಗ ಕೊಯ್ಯಬಾರದು, ಉಳಿದ ಚೂರುಗಳನ್ನು ಬೆಂಕಿಗೆ ಹಾಕದೆ ಗಿಡದ ಬುಡಕ್ಕೇ ಹಾಕಬೇಕು ಎಂದೆಲ್ಲ ಹೇಳಿದ್ದರು. ಯಾವ ಎಲೆಯನ್ನು ಎಂದು ಹೇಳಿರಲಿಲ್ಲ. ಅದು ಯಾರಿಗಾದರೂ ಹೇಳಿಕೊಡಬೇಕಾದ ವಿಷಯ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

2002ರ ಚಳಿಗಾಲ. ನಾನು ಮೂರನೆಯ ಸಲ ಗರ್ಭಿಣಿ. ನಾಲ್ಕನೆಯ ತಿಂಗಳಲ್ಲೇ ವೈದ್ಯೆ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರು. ಕುಳಿತು ಮಾಡುವ ಕೆಲಸ ಮಾತ್ರ, ವಿಮಾನ ಹತ್ತುವ ಹಾಗಿಲ್ಲ. ಏಪ್ರಿಲ್ ಕೊನೆಗೆ ದಿನ ತುಂಬುತ್ತಿತ್ತು. ಸಿಸ್ಟರ್ ಅವರ ಒಬ್ಬಳೇ ಮಗಳು, ನ್ಯೂಜಿಲೆಂಡಿನಲ್ಲಿರುವವಳು, ಅವಳಿಗೂ ಏಪ್ರಿಲ್ ಮೊದಲ ವಾರ. ಚೊಚ್ಚಲು. ಮಾರ್ಚ್ ನಡುವಿಗೆ ಹೊರಟು ಮಗಳ ಹೆರಿಗೆ ಮಾಡಿಸಿ ನನ್ನದಕ್ಕೆ ಹಿಂತಿರುಗುವುದೆಂದು ಲೆಕ್ಕ ಹಾಕಿ ಟಿಕೆಟ್ ಮಾಡಿಸಿದ್ದರು. ನೀವಿಬ್ಬರೂ ದಿನ ತಪ್ಪಿಸಬೇಡಿ, ನನಗೆ ಇರುವುದು ಎರಡೇ ಕೈ ಎಂದು ತಮಾಷೆ ಮಾಡುತ್ತಿದ್ದರು.

ಕ್ರಿಸ್‌ಮಸ್‌ಗೆ ಅವರು ಗಂಡನ ಜೊತೆ ಆರು ದಿನ ಮಸ್ಕತ್‌ಗೆ ಹೋದರು. ಬೀಗದ ಕೈ ನಮಗೆ ಕೊಟ್ಟರು. ಆ ಚಳಿಯಲ್ಲಿ ಏಸಿ ಓಡುವುದಿಲ್ಲ, ಪೈಪು ತೊಟ್ಟಿಕ್ಕುವುದಿಲ್ಲ. ಗಿಡಕ್ಕೆ ಎರಡು ದಿನಕ್ಕೊಮ್ಮೆ ಬಾಟಲಿ ನೀರು ಹಾಕಬೇಕಿತ್ತು.

ಆಗ ನನಗೆ ಮೂಡೆಯ ಬಯಕೆ. ಉದ್ದು ಅಕ್ಕಿಯ ಹಿಟ್ಟನ್ನು ಮುಂಡೇವಿನ ಎಲೆಯ ಕೊಟ್ಟೆಯಲ್ಲಿ ಹೊಯ್ದು ಬೇಯಿಸಿದ್ದು. ಎಲೆಯ ಪರಿಮಳ ಇಲ್ಲದಿದ್ದರೆ ಅದು ಬರಿಯ ಇಡ್ಲಿ. ನಾಲ್ಕು ದಿನದಿಂದ ಅದೇ ಧ್ಯಾನ. ಶುಕ್ರವಾರ ಗಿಡಕ್ಕೆ ನೀರು ಹಾಕುತ್ತ ನಿಂತಾಗ, ಇದೂ ಎಲೆಯೇ ಅಲ್ಲವೇ ಎನ್ನಿಸಿತು. ಕೇಳದೆ ಕೊಯ್ಯಬಾರದು ಎಂಬುದು ನೆನಪಿತ್ತು. ಫೋನಿನಲ್ಲಿ ಕೇಳಬಹುದಿತ್ತು. ನಾಳೆ ಹೇಗೂ ಬರುತ್ತಾರೆ, ಅವರಿಗೂ ಎರಡು ಕೊಟ್ಟು ಹೇಳಿದರಾಯಿತು ಎಂದುಕೊಂಡೆ. ಗಂಡ ಕಾರಿನಲ್ಲಿ ಕುಳಿತು ಹಾರ್ನ್ ಮಾಡುತ್ತಿದ್ದ.

ನಮ್ಮ ಕಡೆ ಮೂಡೆಗೆ ಎಲೆ ತೆಗೆಯುವುದು ಸುಳಿಯ ಬಳಿಯಿಂದ. ಹೊರಗಿನ ಎಲೆ ಒರಟು, ಸುತ್ತಿದರೆ ಸೀಳುತ್ತದೆ. ಒಳಗಿನದು ಎಳೆಯದು, ಬಗ್ಗುತ್ತದೆ. ನಾನು ಅಡುಗೆಮನೆಯ ಚಾಕು ತಂದು ಮೂರು ಬೀಸಣಿಗೆಗಳ ಒಳಗಿನಿಂದಲೂ ನಡುವಿನ ಎಲೆ, ಅದರ ಆಚೆ ಈಚೆಯ ಒಂದೊಂದು ಎಲೆ ತೆಗೆದೆ. ಒಟ್ಟು ಒಂಬತ್ತು. ಹೊರಗಿನ ಎಲೆಗಳನ್ನು ಮುಟ್ಟಲಿಲ್ಲ. ಗಿಡಕ್ಕೆ ತೊಂದರೆ ಆಗಬಾರದೆಂದು ಅಷ್ಟು ಜಾಗ್ರತೆ ಮಾಡಿದ್ದೆ. ಆ ಗಿಡದಲ್ಲಿ ಯಾರೂ ಯಾವತ್ತೂ ಮುಟ್ಟದ ಎಲೆಗಳು ಅವೇ ಒಂಬತ್ತು ಎಂದು ನನಗೆ ತಿಳಿದದ್ದು ಫೆಬ್ರವರಿಯಲ್ಲಿ.

ಮನೆಗೆ ಬಂದು ಎಲೆಗಳನ್ನು ಗ್ಯಾಸಿನ ಉರಿಗೆ ಹಿಡಿದು ಬಾಡಿಸಿ ಕೊಟ್ಟೆ ಸುತ್ತಿದೆ. ಚೂರುಗಳನ್ನು ಕಸದ ಚೀಲಕ್ಕೆ ಹಾಕಿದೆ. ಮೂಡೆ ಬೆಂದಿತು, ಆದರೆ ಕಹಿ. ಗಂಡ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದ. ಬಯಕೆ ನನ್ನದಲ್ಲವೇ, ನಾನು ಒಂದೂವರೆ ತಿಂದೆ.

ಮರುದಿನ ಎರಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಸಿಸ್ಟರ್ ನಗುತ್ತಲೇ ದಾಖಲೆ ಕೋಣೆಗೆ ಬಂದರು. ನಿಮ್ಮ ಗಿಡದ ಎಲೆಯಲ್ಲಿ ನಮ್ಮೂರ ತಿಂಡಿ ಎಂದು ಡಬ್ಬಿ ಮುಂದಿಟ್ಟೆ. ಅವರು ಒಂದನ್ನು ಕೈಗೆ ತೆಗೆದುಕೊಂಡರು. ಎಲೆಯ ಬುಡದ ಭಾಗ ಬೆಂದರೂ ಬಿಳಿಚಿಕೊಂಡೇ ಇತ್ತು. ಅದನ್ನು ಹೆಬ್ಬೆರಳಿನಿಂದ ಸವರಿದರು. ಮುಖ ಬದಲಾಗಲಿಲ್ಲ. ಬೆರಳು ನಿಂತಿತು, ಅಷ್ಟೇ.

"ನೀನು ತಿಂದೆಯಾ?"

ಒಂದೂವರೆ ಎಂದೆ.

"ಬೇರು ಮುಟ್ಟಿದೆಯಾ?"

ಇಲ್ಲ ಎಂದೆ. ಗಿಡಕ್ಕೆ ಏನಾದರೂ ಆಯಿತೇ ಎಂದು ಕೇಳಿದೆ. ಅವರು ಕುರ್ಚಿ ಎಳೆದು ಕುಳಿತು, ಆ ಮೂಡೆಯನ್ನು ಬಿಡಿಸಿ ಚೂರೂ ಬಿಡದೆ ತಿಂದರು. ಆಮೇಲೆ ಎರಡನೆಯದನ್ನೂ. ಕಹಿ ಎನ್ನಲಿಲ್ಲ. ಎಲೆಗಳನ್ನು ಬಿಡಿಸಿ, ನೀರಿನಲ್ಲಿ ತೊಳೆದು, ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತು ಹೋದರು.

ಮರುದಿನದಿಂದ ಪ್ರತಿ ಬೆಳಿಗ್ಗೆ ಎಂಟಕ್ಕೆ ದಾಖಲೆ ಕೋಣೆಗೆ ಬರತೊಡಗಿದರು. ಬಾಗಿಲು ಮುಚ್ಚುವರು. ಅವರ ಬಳಿ ಹಳೆಯ ಕಾಲದ ಒಂದು ಮರದ ಕೊಳವೆ ಇತ್ತು, ಒಂದು ತುದಿ ಹೊಟ್ಟೆಯ ಮೇಲೆ, ಇನ್ನೊಂದು ತುದಿ ಕಿವಿಗೆ. ಆಸ್ಪತ್ರೆಯ ಯಂತ್ರದಲ್ಲಿ ಮಗುವಿನ ಎದೆಬಡಿತ ನನಗೂ ಕೇಳಿಸುತ್ತದೆ. ಈ ಕೊಳವೆಯಲ್ಲಿ ಅವರಿಗೆ ಮಾತ್ರ. ಕಣ್ಣು ಮುಚ್ಚಿ ಪೂರ್ತಿ ಒಂದು ನಿಮಿಷ ಎಣಿಸುವರು. ಸಂಖ್ಯೆಯನ್ನು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವರು. ನನ್ನ ಫೈಲಿನಲ್ಲಿ ಬರೆಯುತ್ತಿರಲಿಲ್ಲ. ಆ ಕೋಣೆಯ ಎಲ್ಲ ಫೈಲುಗಳೂ ನನ್ನ ಕೈಯಲ್ಲಿದ್ದವು. ಏನನ್ನು ಬರೆಯುತ್ತಾರೆ, ಏನನ್ನು ಬರೆಯದೆ ಬಿಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಏನಾದರೂ ಸರಿ ಇಲ್ಲವೇ ಎಂದು ದಿನವೂ ಕೇಳುತ್ತಿದ್ದೆ. ಚೆನ್ನಾಗಿದೆ, ಬಾಯ್ ಎಂದು ದಿನವೂ ಹೇಳುತ್ತಿದ್ದರು. ಮರುದಿನ ಮತ್ತೆ ಎಂಟಕ್ಕೆ ಬರುತ್ತಿದ್ದರು.

ಹೊರಗೆ ಊರು ಖಾಲಿಯಾಗುತ್ತಿತ್ತು. ಪಕ್ಕದ ದೇಶದಲ್ಲಿ ಯುದ್ಧ ಆಗಿಯೇ ಆಗುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು, ದಿನ ಮಾತ್ರ ಗೊತ್ತಿರಲಿಲ್ಲ. ಮರಳಿನ ಬಣ್ಣದ ಲಾರಿಗಳು ಸಾಲುಸಾಲಾಗಿ ಉತ್ತರಕ್ಕೆ ಹೋಗುತ್ತಿದ್ದವು. ನಮ್ಮ ಕಟ್ಟಡದ ಏಳು ಮನೆಯವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ವಿಷಗಾಳಿ ಬಂದರೆ ಎಂದು ಒಂದು ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಟೇಪ್ ಅಂಟಿಸಬೇಕಿತ್ತು. ಕೆಳಗಿನ ಅಂಗಡಿಯ ಬ್ಯಾರಿಯವರು ನಮ್ಮ ಜಿಲ್ಲೆಯವರೇ. ನನ್ನ ಹೊಟ್ಟೆ ನೋಡಿ ತಾವೇ ಎರಡು ಸುರುಳಿ ಟೇಪ್ ತೆಗೆದಿಟ್ಟಿದ್ದರು.

"ಪ್ಲಾಸ್ಟಿಕ್ ಖಲಾಸ್, ಬಾಯಮ್ಮ. ಟೇಪ್ ಉಂಟು. ನಿಮ್ಮ ಪೊರ್ಬುಗಳ ಬಾಯಿಗೆ ಮೊದಲು ಅಂಟಿಸಿ, ಅವರು ದಿನಾ ಬಂದು ಯುದ್ಧದ ಸುದ್ದಿ ಹೇಳಿ ನನ್ನ ಬಿ.ಪಿ. ಏರಿಸ್ತಾರೆ."

ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬು ಎನ್ನುತ್ತಾರೆ; ನನ್ನ ಗಂಡ ನಕ್ಕ. ನನಗೆ ನಗು ಬರಲಿಲ್ಲ. ಹೊಟ್ಟೆಯೊಳಗೆ ಒದೆತ ನಿಂತರೆ ಸಾಕು, ನಾನೂ ನಿಂತುಬಿಡುತ್ತಿದ್ದೆ.

ಫೆಬ್ರವರಿಯ ಒಂದು ಶುಕ್ರವಾರ ಅಹ್ಮದಿಗೆ ಹೋದೆವು. ಮಸ್ಕತ್ ಆದ ಮೇಲೆ ಮೊದಲ ಸಲ. ಸಿಸ್ಟರ್ ಒಳಗಿದ್ದರು, ಅವರ ಗಂಡ ಹಿತ್ತಲಿನಲ್ಲಿ ಇದ್ದಿಲಿನ ಮೇಲೆ ಮೀನು ಸುಡುತ್ತಿದ್ದರು. ಅವರೂ ಮಾವೋರಿ, ದಪ್ಪ ಆಳು, ಜೋರು ಮಾತು. ಗಿಡ ನೋಡಿದೆ. ಮೂರು ಬೀಸಣಿಗೆಗಳ ನಡುವೆಯೂ ಒಂದೊಂದು ಗುಂಡಿ. ಕೊಯ್ದ ಜಾಗದಲ್ಲಿ ಏನೂ ಚಿಗುರಿರಲಿಲ್ಲ, ಅಲ್ಲಿ ಕಂದು ನೀರು ನಿಂತಿತ್ತು. ಉಳಿದ ಎಲೆಗಳು ಹೊರಕ್ಕೆ ವಾಲಿದ್ದವು. ನಾನು ನೋಡುತ್ತಿರುವುದನ್ನು ಅವರ ಗಂಡ ಕಂಡರು.

"ನಮ್ಮ ತೋಟದವನ ಕೆಲಸ. ಅವನನ್ನು ಬೈಯಲೂ ಅವಳು ಬಿಡಲಿಲ್ಲ."

ಆಮೇಲೆ ಕೈಯಲ್ಲಿದ್ದ ಇಕ್ಕಳದಿಂದ ತೋರಿಸಿ ಹೇಳಿದರು. ಈ ಗಿಡ ಒಂದು ಕುಟುಂಬ. ಸುಳಿಯಲ್ಲಿರುವ ಎಲೆ ಮಗು. ಅದನ್ನು ತಬ್ಬಿಕೊಂಡಿರುವ ಎರಡು ಎಲೆ ಅಪ್ಪ ಅಮ್ಮ. ಆಚೆಯವರೆಲ್ಲ ಅಜ್ಜ ಅಜ್ಜಿಯರು. ಎಷ್ಟೇ ಬೇಕಿದ್ದರೂ ಕೊಯ್ಯುವುದು ಅಜ್ಜ ಅಜ್ಜಿಯರನ್ನು ಮಾತ್ರ, ಅದೂ ಓರೆಯಾಗಿ, ಮಳೆನೀರು ಮಗುವಿನ ಮೇಲೆ ಇಳಿಯದ ಹಾಗೆ. ಮಗುವನ್ನು ಕೊಯ್ದರೆ ಆ ಮನೆ ಅಲ್ಲಿಗೆ ಮುಗಿಯಿತು. ಇವಳ ಅಮ್ಮನ ಮನೆಯ ಗಿಡ ಇದು, ನಮ್ಮ ಮಗಳು ಹುಟ್ಟಿದಾಗ ಬಳ್ಳಿ ಕಟ್ಟಿದ ದಾರ ಅದೇ ಗಿಡದ್ದು, ಎಂದರು.

 ಮಾಡಿದ್ದು ನಾನು ಎಂದು ಹೇಳಲಿಲ್ಲ. ತೋಟದ ಕೆಲಸದವನನ್ನು ನಾನು ಕಂಡದ್ದೂ ಇಲ್ಲ. ಅವನ ತಲೆಯ ಮೇಲೆ ಅದು ಹಾಗೆಯೇ ಉಳಿಯಿತು. ಸಿಸ್ಟರ್ ಅಡುಗೆಮನೆಯ ಬಾಗಿಲಿಗೆ ಬಂದು, ಮೀನು ಸುಟ್ಟು ಹೋಗುತ್ತಿದೆ ಎಂದರು. ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು.

ದಿನವೂ ಎಂಟಕ್ಕೆ ಏಕೆ ಬರುತ್ತಿದ್ದರು ಎಂದು ನನಗೂ ಆಗ ತಿಳಿಯಿತು. ಅವರೂ ಹೆದರಿದ್ದರು. ನನಗೆ ಹೇಳದೆ, ಇಷ್ಟು ವಾರ ಒಬ್ಬರೇ ಹೆದರಿಕೊಂಡಿದ್ದರು. ಅವರಂಥವರೇ ಹೆದರಿದ್ದಾರೆಂದರೆ ಎಂದುಕೊಂಡು ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅವರು ಎಣಿಸಿ ಮುಗಿಸುವವರೆಗೆ ಸುಮ್ಮನಿದ್ದೆ. ಅವರು ಹೊರಡಲು ಮೂರು ವಾರವಿತ್ತು. ಹೋದರೆ ಯುದ್ಧ ಮುಗಿಯುವವರೆಗೆ ಹಿಂತಿರುಗಲು ಆಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ತೋಳು ಹಿಡಿದುಕೊಂಡೆ.

"ಸಿಸ್ಟರ್, ನೀವು ಹೋಗಬೇಡಿ."

"ಅದು ಎಲೆ, ಬಾಯ್. ಎಲೆಯಿಂದ ಮಗು ಹೋಗುವುದಿಲ್ಲ."

"ನಿಮಗೆ ಅದು ಬರೀ ಎಲೆಯಾ?"

ಅವರು ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ನೀವು ಹೋದರೆ ಇದೂ ಉಳಿಯುವುದಿಲ್ಲ ಎಂದೆ. ಎರಡು ಸಲ ಹೇಳಿದೆ. ಅಳುತ್ತ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಅವರು ನನ್ನನ್ನು ನೋಡದೆ ಒಂದೊಂದಾಗಿ ಹೇಳಿದರು.

"ಅವಳಿಗೆ ಅಲ್ಲಿ ಒಳ್ಳೆಯ ಆಸ್ಪತ್ರೆ ಇದೆ. ಅತ್ತೆ ಜೊತೆಗಿದ್ದಾರೆ. ಅಲ್ಲಿ ಯುದ್ಧ ಇಲ್ಲ. ನಾನು ಹೋಗಲೇಬೇಕೆಂದಿಲ್ಲ, ಅಲ್ಲವಾ?"

ಇದನ್ನು ಅವರು ನನ್ನನ್ನೇ ಕೇಳಿದರು. ನಾನು ಹೌದು ಎಂದೆ.

ಅವತ್ತೇ ಮಧ್ಯಾಹ್ನ ದಾಖಲೆ ಕೋಣೆಯ ಫೋನಿನಿಂದ ಮಗಳಿಗೆ ಕರೆ ಮಾಡಿದರು. ನಾನು ಹೊರಗೆ ಹೋಗಲು ಎದ್ದರೆ ಕುಳಿತುಕೋ ಎಂದು ಸನ್ನೆ ಮಾಡಿದರು. ಅವರ ಭಾಷೆಯಲ್ಲಿ ಸ್ವಲ್ಪ, ಇಂಗ್ಲಿಷಿನಲ್ಲಿ ಸ್ವಲ್ಪ. ಇಲ್ಲಿ ಕೆಲಸದವರು ಅರ್ಧ ಖಾಲಿಯಾಗಿದ್ದಾರೆ, ಬಿಟ್ಟು ಬರುವ ಹಾಗಿಲ್ಲ ಎಂದರು. ನನ್ನ ಹೆಸರು ಎತ್ತಲಿಲ್ಲ. ಎಲೆಯ ವಿಷಯ ಎತ್ತಲಿಲ್ಲ. ಆಚೆ ಕಡೆ ಮಾತು ಬಹಳ ಹೊತ್ತು ನಡೆಯಿತು. ಅವರು ಹೂಂ, ಹೂಂ ಎನ್ನುತ್ತ ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದರು. ಫೋನ್ ಇಟ್ಟ ಮೇಲೆ ಟಿಕೆಟ್ ವಾಪಸು ಮಾಡಬೇಕು, ನೆನಪಿಸು ಎಂದರು.

ಯುದ್ಧ ಶುರುವಾದ ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಸೈರನ್ ಆಗುತ್ತಿತ್ತು. ಸೈರನ್ ಆದರೆ ಬಾಣಂತಿಯರನ್ನೂ ಮಕ್ಕಳನ್ನೂ ಆಸ್ಪತ್ರೆಯ ನೆಲಮಾಳಿಗೆಗೆ ಇಳಿಸಬೇಕು. ನನಗೆ ನೋವು ಶುರುವಾದದ್ದು ಅಂಥ ಒಂದು ಬೆಳಿಗ್ಗೆ, ಒಂದು ತಿಂಗಳು ಮೊದಲೇ. ವೈದ್ಯೆ ಹೊಲಿಗೆ ಬಿಚ್ಚಿ ಕೈ ತೊಳೆಯಲು ಹೋಗಿದ್ದರು, ಅಷ್ಟರಲ್ಲಿ ಸೈರನ್. ನನ್ನನ್ನು ಗಾಲಿಮಂಚದಲ್ಲಿ ಇಳಿಸಿದರು. ಕೆಳಗೆ ಬಾಗಿಲಿಗೆ ಟೇಪ್ ಅಂಟಿಸಿ ಆಗಿತ್ತು. ವೈದ್ಯೆ ಮೇಲೆಯೇ ಉಳಿದರು. ಹನ್ನೊಂದು ಹೆಂಗಸರು, ಒಂದು ಟ್ಯೂಬ್‌ಲೈಟ್, ಸಿಸ್ಟರ್.

ಸಿಸ್ಟರ್ ವಿಷಗಾಳಿಯ ಮುಖವಾಡ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ನನ್ನ ಮಾತು ನಿನಗೆ ಕೇಳಿಸುವುದಿಲ್ಲ ಎಂದರು. ಉಸಿರು ಬಿಡು, ಈಗ ಬೇಡ, ಈಗ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಮಗು ಹೊರಗೆ ಬಂದಾಗ ಶಬ್ದ ಇರಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಅವರು ಮಗುವಿನ ಬಾಯಿಯ ಮೇಲೆ ಬಾಗಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗುತ್ತಿರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಪಕ್ಕದಲ್ಲಿದ್ದ ಈಜಿಪ್ಟಿನ ಹೆಂಗಸು ಪ್ರಾರ್ಥನೆ ನಿಲ್ಲಿಸಿದ್ದು ಗೊತ್ತಿದೆ.

ಆಮೇಲೆ ಮಗು ಅತ್ತಿತು. ಬೆಕ್ಕಿನಂಥ ಸಣ್ಣ ದನಿ. ಕ್ಲಿಪ್‌ಗಳ ಪೊಟ್ಟಣ ಮೇಲಿನ ಮಹಡಿಯಲ್ಲೇ ಉಳಿದಿತ್ತು. ಸಿಸ್ಟರ್ ಚೀಲದಿಂದ ಡಬ್ಬಿ ತೆಗೆದು, ಬಿಳಿ ದಾರದಿಂದ ಎರಡು ಕಡೆ ಬಿಗಿದು ಗಂಟು ಹಾಕಿ ಬಳ್ಳಿಯನ್ನು ಕತ್ತರಿಸಿದರು. ಹೆಣ್ಣು, ಬಾಯ್ ಎಂದರು. 

ಖೈತಾನಿನ ಮನೆಗೆ ಬಂದ ಮೇಲೆ ಅವರು ದಿನವೂ ಮಧ್ಯಾಹ್ನ ಬಂದು ಮಗುವಿಗೆ ಸ್ನಾನ ಮಾಡಿಸುತ್ತಿದ್ದರು. ಏಪ್ರಿಲ್ ಎರಡನೆಯ ವಾರ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದರು. ಎಂದಿನಂತೆ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿದರು, ಮಗುವಿನ ಕತ್ತಿನ ಕೆಳಗೆ ಅಂಗೈ ಕೊಟ್ಟು ಮೀಯಿಸಿದರು, ಬಟ್ಟೆ ಸುತ್ತಿದರು. ನನಗೆ ಕೊಡಲಿಲ್ಲ. ಸ್ವಲ್ಪ ಹೊತ್ತು ಇಟ್ಟುಕೊಳ್ಳಲಾ ಎಂದು ಕೇಳಿದರು. ಟೇಪ್ ಅಂಟಿಸಿದ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಸಂಜೆಯ ಬಾಂಗ್ ಆಗುವವರೆಗೂ ಇಟ್ಟುಕೊಂಡರು. ಮಗು ಹಸಿದು ಅತ್ತಾಗ ಕೊಟ್ಟು, ಕುಡಿಸಿದ ಮೇಲೆ ಮತ್ತೆ ಕೈ ಚಾಚಿದರು.

ಮಗಳಿಗೆ ಹೆರಿಗೆ ಆಯಿತೇ ಎಂದು ಕೇಳಿದೆ. ಆಯಿತು ಎಂದರು. ಮಗುವಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದರು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. ಮಗಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ಯಾರಾದರೂ ಕೇಳುವ ಮಾತುಗಳವು, ಅಪರಿಚಿತರೂ ಕೇಳುತ್ತಾರೆ. ನನಗೆ ತಿಳಿದಿತ್ತು, ಅದಕ್ಕೆ ಕೇಳಲಿಲ್ಲ. ನಾನು ಕೇಳಲಿಲ್ಲ ಎಂಬುದನ್ನು ಅವರೂ ಗಮನಿಸಿದರು. ಎದ್ದು ಹೋಗಿ ಚಹಾ ಮಾಡಿ ತಂದೆ. ಅವರು ಕುಡಿದರು. ಎಲೆಯ ಮಾತನ್ನಾಗಲಿ, ಟಿಕೆಟ್ಟಿನ ಮಾತನ್ನಾಗಲಿ ಅವತ್ತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಜೂನ್‌ನಲ್ಲಿ ಗಂಡನ ಕೆಲಸದ ಕರಾರು ಮುಗಿಯಿತು, ಅವರು ಹೊರಟುಹೋದರು.

ಎಲೆಯಿಂದ ಯಾವ ಮಗುವೂ ಸಾಯುವುದಿಲ್ಲ. ಇಪ್ಪತ್ತೆರಡು ವರ್ಷ ಹೆರಿಗೆ ಆಸ್ಪತ್ರೆಯ ಫೈಲುಗಳನ್ನು ಇಟ್ಟವಳು ನಾನು. ಮಕ್ಕಳು ಯಾಕೆ ಹೋಗುತ್ತಾರೆ ಎಂದು ಬರೆದದ್ದನ್ನು ಸಾಕಷ್ಟು ಓದಿದ್ದೇನೆ. ಆದರೂ ಬಹಳ ವರ್ಷ ಆ ಒಂಬತ್ತು ಎಲೆಗಳನ್ನೇ ನೆನೆಯುತ್ತಿದ್ದೆ. ಈಗ ಅನ್ನಿಸುತ್ತದೆ, ಎಲೆಗಳನ್ನು ನೆನೆಯುವುದು ನನಗೆ ಸುಲಭವಾಗಿತ್ತು. ಅದು ತಿಳಿಯದೆ ಮಾಡಿದ್ದು. ದಾಖಲೆ ಕೋಣೆಯಲ್ಲಿ ಹೌದು ಎಂದದ್ದು ತಿಳಿದೇ ಹೇಳಿದ್ದು.

ಅವರ ಮಗಳ ಸಂದೇಶ ಉದ್ದವಿರಲಿಲ್ಲ. ಅಮ್ಮ ಹೋದಳು, ನಿದ್ದೆಯಲ್ಲಿ ಹೋದಳು. ಅವಳ ಪುಸ್ತಕದಲ್ಲಿ ನಿಮ್ಮ ಹೆಸರು ಇತ್ತು, ಜೊತೆಗೆ ಎಪ್ಪತ್ತಕ್ಕೂ ಹೆಚ್ಚು ದಿನಗಳ ಸಂಖ್ಯೆಗಳಿವೆ. ಆ ವರ್ಷ ನನ್ನ ಮಗ ಎರಡು ದಿನ ಬದುಕಿದ್ದ. ಅಮ್ಮ ಬರುತ್ತೇನೆ ಎಂದವಳು ಬರಲಿಲ್ಲ. ಯಾಕೆ ಎಂದು ಸಾಯುವವರೆಗೂ ಹೇಳಲಿಲ್ಲ, ನಾನೂ ಅವಳೊಡನೆ ಕೆಲವು ವರ್ಷ ಮಾತು ಬಿಟ್ಟಿದ್ದೆ. ನಿಮಗೇನಾದರೂ ಗೊತ್ತಿದ್ದರೆ ತಿಳಿಸುತ್ತೀರಾ.

ಮೂರು ದಿನ ಬಿಟ್ಟು ಉತ್ತರ ಬರೆದೆ. ಮೊದಲು ಎರಡು ಪುಟ ಬರೆದಿದ್ದೆ. ಯುದ್ಧ, ಸೈರನ್, ನನ್ನ ಹಿಂದಿನ ಎರಡು ಗರ್ಭ, ಎಲ್ಲ. ಅದನ್ನೆಲ್ಲ ಅಳಿಸಿದೆ. ನಿಮ್ಮ ತಾಯಿ ಹೊರಟಿದ್ದರು, ಟಿಕೆಟ್ ಇತ್ತು. ನಾನು ತೋಳು ಹಿಡಿದು ತಡೆದೆ. ನಿಮಗೆ ಅವರ ಅಗತ್ಯ ಇಲ್ಲ ಅಲ್ಲವೇ ಎಂದು ಅವರು ನನ್ನನ್ನು ಕೇಳಿದರು, ನಾನು ಹೌದು ಎಂದೆ. ಇಷ್ಟೇ ಕಳಿಸಿದೆ.

ಅವಳು ಅದನ್ನು ಆ ದಿನವೇ ಓದಿದ್ದಾಳೆ, ಫೋನಿನಲ್ಲಿ ಗುರುತು ಬಂದಿದೆ. ಹದಿನೇಳು ದಿನ ಆಯಿತು. ಉತ್ತರ ಬಂದಿಲ್ಲ.